ಬಸವನಹುಳುವಿನ ಮೂಲ ಹುಡುಕುವವರಿಗೆ

ಆಫ್ರಿಕಾದ ದೈತ್ಯ ಬಸವನಹುಳು ಅಡಿಕೆ, ಕಾಫಿ, ಪಪ್ಪಾಯಿ ತೋಟಗಳಿಗೆ ನುಗ್ಗಿದಾಗಲೆಲ್ಲ ನಮ್ಮ ಲ್ಯಾಬಿಗೆ ಬರುವ ಪ್ರಶ್ನೆ ಒಂದೇ: ‘ಇದು ಎಲ್ಲಿಂದ ಬಂತು, ಡಿಎನ್‌ಎ ನೋಡಿ ಹೇಳಿ.’ ಹೇಳಲು ಹೊರಟವರಿಗೆ ಇಷ್ಟು ತಿಳಿದಿರಲಿ.

1. ಇಡೀ ಹುಳುವನ್ನು ಆಲ್ಕೋಹಾಲಿಗೆ ಹಾಕಬೇಡಿ. ಅದು ಚಿಪ್ಪಿನೊಳಗೆ ಮುದುಡಿಕೊಳ್ಳುತ್ತದೆ, ಆಲ್ಕೋಹಾಲ್ ಒಳಗಿಳಿಯುವಷ್ಟರಲ್ಲಿ ಮಾಂಸ ಕೆಟ್ಟಿರುತ್ತದೆ. ಪಾದದ ಅಂಚಿನಿಂದ ಅಕ್ಕಿಕಾಳಿನಷ್ಟು ತುಣುಕು ಸಾಕು. ಕೈಗವಸು ಮರೆಯಬೇಡಿ. ಇಲಿಯ ಶ್ವಾಸಕೋಶದ ಜಂತುವಿನ ಮರಿಗಳು ಇದರ ಮೈಯಲ್ಲಿರಬಹುದು, ಅವು ಮನುಷ್ಯರ ಮಿದುಳಿಗೂ ಏರುತ್ತವೆ.

2. ಲ್ಯಾಬಿನಲ್ಲಿ ಕಾಡುವುದು ಲೋಳೆ. ಚಿಮಟದಲ್ಲಿ ಎತ್ತಿದರೆ ಎಳೆಎಳೆಯಾಗಿ ಜಗ್ಗುತ್ತದೆ. ಡಿಎನ್‌ಎ ಜೊತೆ ಟ್ಯೂಬಿಗೂ ಇಳಿದು ಪಿಸಿಆರ್ ಕೆಡಿಸುತ್ತದೆ. ಜೆಲ್‌ನಲ್ಲಿ ಗೆರೆ ಮೂಡದಿದ್ದರೆ ಇನ್ನಷ್ಟು ಡಿಎನ್‌ಎ ಸುರಿಯುವುದು ಹೊಸಬರ ರೂಢಿ. ಹತ್ತು ಪಟ್ಟು ತೆಳು ಮಾಡಿ ನೋಡಿ, ಎಷ್ಟೋ ಸಲ ಗೆರೆ ಎದ್ದು ಕಾಣುತ್ತದೆ. ದುಬಾರಿ ಕಿಟ್‌ಗಳಿಗಿಂತ ಹಳೆಯ ಸಿಟಿಎಬಿ ವಿಧಾನವೇ ನನಗೆ ಒಗ್ಗಿದೆ.

3. ಉತ್ತರ ಬಹುಪಾಲು ಮೊದಲೇ ಗೊತ್ತಿರುವಂಥದ್ದು. ಇಂಥ ಕೆಲಸಕ್ಕೆ ಹೆಚ್ಚಾಗಿ ಓದುವುದು ಮೈಟೋಕಾಂಡ್ರಿಯದ 16ಎಸ್ ಜೀನನ್ನು. ಪೂರ್ವ ಆಫ್ರಿಕಾದಲ್ಲಿ, ಹಿಂದೂ ಮಹಾಸಾಗರದ ದ್ವೀಪಗಳಲ್ಲಿ ಅದರ ಹಲವು ರೂಪಗಳಿವೆ. ಅದರಾಚೆ, ಏಷ್ಯಾದಿಂದ ಅಮೆರಿಕದವರೆಗೆ, ‘ಸಿ’ ಎಂದು ಗುರುತಿಸುವ ಒಂದೇ ರೂಪದ್ದು ಹೆಚ್ಚುಕಡಿಮೆ ಎಲ್ಲೆಡೆ ದರ್ಬಾರು. ಚರಿತ್ರೆಯೂ ಇದಕ್ಕೆ ತಾಳೆಯಾಗುತ್ತದೆ: ಕೆಲವೇ ಹುಳುಗಳಿಂದ ಸಂತತಿ ಹಬ್ಬಿದೆ. 1847ರಲ್ಲಿ ಶಂಖಪ್ರಿಯ ವಿಲಿಯಂ ಬೆನ್ಸನ್ ಮಾರಿಷಸ್‌ನಿಂದ ತಂದ ಹುಳುಗಳನ್ನು ಕಲ್ಕತ್ತೆಯ ತೋಟವೊಂದರಲ್ಲಿ ಬಿಡಲಾಯಿತು. ಶಂಖಪ್ರಿಯರ ಇಂಥ ಹವ್ಯಾಸಕ್ಕೆ ರೈತರು ಇಂದಿಗೂ ತೆರಿಗೆ ಕಟ್ಟುತ್ತಿದ್ದಾರೆ. ಪ್ರತಿ ಹುಳುವಿನಲ್ಲೂ ಗಂಡು-ಹೆಣ್ಣು ಎರಡೂ ಇವೆ. ಕೂಡಿದ ಮೇಲೆ ವೀರ್ಯ ಕೂಡಿಟ್ಟುಕೊಳ್ಳುತ್ತದೆ, ಆದ್ದರಿಂದ ಒಂದೇ ಹುಳು ಹೊಸ ಸಂಸಾರ ಹೂಡಬಲ್ಲದು. 1966ರಲ್ಲಿ ಹುಡುಗನೊಬ್ಬ ಹವಾಯಿಯಿಂದ ಮಯಾಮಿಗೆ ಮೂರು ಹುಳು ತಂದ. ಮುಂದೆ ಅಲ್ಲಿ ಹಿಡಿದು ಕೊಂದದ್ದು 18,000ಕ್ಕೂ ಹೆಚ್ಚು.

ಹಾಗಾಗಿ ತೋಟದ ಹುಳುವೂ ಸಸಿ ತಂದ ನರ್ಸರಿಯ ಹುಳುವೂ ‘ಸಿ’ ಎಂದು ಬಂದರೆ ಏನೂ ಸಾಬೀತಾದಂತಲ್ಲ. ಅಷ್ಟಕ್ಕೇ ನರ್ಸರಿಯವರ ಮೇಲೆ ಗೂಬೆ ಕೂರಿಸಬೇಡಿ.

4. ತಾಲ್ಲೂಕಿನೊಳಗಿನ ಓಡಾಟ ತಿಳಿಯಬೇಕೆಂದರೆ ಮೈಕ್ರೋಸ್ಯಾಟಲೈಟ್ ಅಥವಾ ಎಸ್‌ಎನ್‌ಪಿಯಂಥ ಇನ್ನೂ ಸೂಕ್ಷ್ಮ ಡಿಎನ್‌ಎ ಗುರುತುಗಳು ಬೇಕು. ದುಡ್ಡೂ ಬೇಕು. ಆಗಲೂ ಎಷ್ಟು ವ್ಯತ್ಯಾಸ ಸಿಕ್ಕೀತು ಎಂಬ ಖಾತರಿ ಇಲ್ಲ.

5. ತೋಟದವರ ನೆನಪು ಸೀಕ್ವೆನ್ಸರ್‌ಗಿಂತ ಅಗ್ಗ, ಕೆಲವೊಮ್ಮೆ ಹೆಚ್ಚು ನಿಖರ. ಮೊದಲು ಯಾವ ಮೂಲೆಯಲ್ಲಿ ಕಂಡಿತು? ಆ ವರ್ಷ ಸಸಿ, ಗೊಬ್ಬರ, ಕೆಮ್ಮಣ್ಣು ಎಲ್ಲಿಂದ ಬಂತು? ಕುಂಡದ ಮಣ್ಣಿನಲ್ಲಿ ಬರುವ ಮೊಟ್ಟೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ರೈತರಲ್ಲಿ ಒಂದು ವಿನಂತಿ: ಸಸಿ ತಂದ ಬಿಲ್ಲನ್ನು ಎಸೆಯಬೇಡಿ. ಹುಳು ಕಳಿಸುವಾಗ ಅದರ ಪ್ರತಿಯನ್ನೂ ಕಳಿಸಿ.