ಎಸೆದ ಚೆಂಡು ಹೊರಳುವುದೇಕೆ?

ಭತ್ತದ ಕೊಯ್ಲು ಮುಗಿದು ಗದ್ದೆಗಳು ಒಣಗಿದೊಡನೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಊರೂರಿನಲ್ಲಿಯೂ ಟೆನಿಸ್ ಚೆಂಡಿನ ಕ್ರಿಕೆಟ್ ಮೊದಲಾಗುತ್ತದೆ. ಕುಂದಾಪುರದ ಗಾಂಧಿ ಮೈದಾನದಲ್ಲಂತೂ ಈ ಆಟವನ್ನು ನೋಡಲು ಜನ ಕಿಕ್ಕಿರಿದು ಸೇರುತ್ತಾರೆ. ಹೊಸದಾಗಿ ಎಸೆತ ಕಲಿಯುವ ಹುಡುಗನು ತೋಳಿನ ಬಲವೊಂದನ್ನೇ ನೆಚ್ಚುವುದು ಸಾಮಾನ್ಯ. ಆದರೆ ಬಲವು ಬೇಗನೆ ಕುಂದುತ್ತದೆ, ಭುಜ ನೋಯುತ್ತದೆ. ನೇರವಾಗಿ ಬರುವ ಚೆಂಡಿನ ದಾರಿಯನ್ನು ದಾಂಡಿಗನು ಮೊದಲೇ ಊಹಿಸಿಬಿಡುತ್ತಾನೆ. ಬಲದೊಡನೆ ಬೆರಳಿನ ವಿದ್ಯೆಯೂ ಬೇಕು. ಆ ವಿದ್ಯೆಗೆ ಆಧಾರವಾದ ನಿಯಮಗಳು ಎರಡೇ.

ಮೊದಲನೆಯದು ನೆಲದ ಘರ್ಷಣೆ. ತಿರುಗುತ್ತಿರುವ ಚೆಂಡಿನ ತಳವು ನೆಲವನ್ನು ಒಂದು ಕಡೆಗೆ ಉಜ್ಜಿದರೆ, ನೆಲವು ಚೆಂಡನ್ನು ಅದಕ್ಕೆ ಎದುರು ಕಡೆಗೆ ತಳ್ಳುತ್ತದೆ. ತಳವು ಬಲಕ್ಕೆ ಸರಿಯುವಾಗ ನೆತ್ತಿಯು ಎಡಕ್ಕೆ ಸರಿಯುತ್ತಿರುತ್ತದೆ. ಆದುದರಿಂದ ಚೆಂಡಿನ ನೆತ್ತಿ ಯಾವ ಕಡೆಗೆ ತಿರುಗುವುದೋ ಆ ಕಡೆಗೇ ಚೆಂಡು ಹೊರಳುವುದೆಂದು ನೆನಪಿಡಬೇಕು. ಬಲಗೈ ಎಸೆಗಾರನು ತೋರುಬೆರಳಿನಿಂದ ನೆತ್ತಿಯನ್ನು ತನ್ನ ಬಲಕ್ಕೆ ತಿರುಗಿಸಿದರೆ ಅದು ಆಫ್ ಬ್ರೇಕ್. ಮಣಿಕಟ್ಟು ಮತ್ತು ಉಂಗುರಬೆರಳಿನಿಂದ ಎಡಕ್ಕೆ ತಿರುಗಿಸಿದರೆ ಲೆಗ್ ಬ್ರೇಕ್. ಲೆಗ್ ಬ್ರೇಕಿನಂತೆಯೇ ತೋರಿ, ಮಣಿಕಟ್ಟಿನ ಹೆಚ್ಚಿನ ಬಾಗುವಿಕೆಯಿಂದ ಬಲಕ್ಕೆ ಹೊರಳುವುದು ಗೂಗ್ಲಿ.

ಎರಡನೆಯದು ಗಾಳಿಯ ಪ್ರಭಾವ. 19ನೆಯ ಶತಮಾನದ ಜರ್ಮನ್ ವಿಜ್ಞಾನಿ ಮ್ಯಾಗ್ನಸ್‌ನ ಹೆಸರಿನಿಂದ ಇದನ್ನು ಕರೆಯುತ್ತಾರೆ. ನೆತ್ತಿಯು ಮುಂದಕ್ಕೆ ತಿರುಗುವ ಚೆಂಡು ತನ್ನ ಹಿಂದಿನ ಗಾಳಿಯನ್ನು ಮೇಲಕ್ಕೆ ದೂಡುತ್ತದೆ. ಗಾಳಿಯು ಚೆಂಡನ್ನು ಕೆಳಕ್ಕೆ ಒತ್ತುತ್ತದೆ. ಹೀಗಾಗಿ ಚೆಂಡು ದಾಂಡಿಗನು ನಿರೀಕ್ಷಿಸಿದುದಕ್ಕಿಂತ ಮೊದಲೇ ನೆಲಕ್ಕಿಳಿಯುತ್ತದೆ. ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ಟೆನಿಸ್ ಚೆಂಡಿನದು 60 ಗ್ರಾಂಗೂ ಕಡಿಮೆ. ಗಾತ್ರದಲ್ಲಿ ಅವೆರಡರ ಅಂತರ ಅಲ್ಪ. ಆದುದರಿಂದ ನಮ್ಮ ಗದ್ದೆಯಾಟದ ಹಗುರವಾದ ಚೆಂಡಿನ ಮೇಲೆ ಗಾಳಿಯ ಪ್ರಭಾವ ಹೆಚ್ಚು.

ಇದನ್ನು ನೀವೇ ಪರೀಕ್ಷಿಸಬಹುದು. ಚೆಂಡಿನ ಅರ್ಧಕ್ಕೆ ಶಾಯಿ ಬಳಿಯಿರಿ. ಐದು ಹೆಜ್ಜೆಗಳ ದೂರದಿಂದ ಗೆಳೆಯನಿಗೆ ಮೆಲ್ಲನೆ ಎಸೆದು, ನೆತ್ತಿ ತಿರುಗುವ ಕಡೆಯನ್ನು ಗಮನಿಸಿರಿ. ಬಳಿಕ ಒಣಗದ್ದೆ, ನುಣುಪಾದ ಸಿಮೆಂಟು ನೆಲ, ಮರವಂತೆಯ ಕಡಲಂಚಿನ ಒದ್ದೆ ಮರಳು, ಈ ಮೂರರ ಮೇಲೂ ಒಂದೇ ಬಗೆಯಾಗಿ ಎಸೆದು ಹೊರಳುವಿಕೆಯನ್ನು ಹೋಲಿಸಿರಿ. ತಿರುವು ಕೈವಶವಾದ ಮೇಲೆಯೇ ದೂರವನ್ನು 22 ಗಜಗಳಿಗೆ ಹೆಚ್ಚಿಸುವುದು ಒಳ್ಳೆಯದು.

ನಗರಗಳ ಹತ್ತು ಗೂಟಗಳ ಬೌಲಿಂಗ್ ಆಟಕ್ಕೂ ಮೊದಲನೆಯ ನಿಯಮವೇ ಆಧಾರ. ಅಲ್ಲಿ 60 ಅಡಿ ಉದ್ದದ ಹಾಸಿನ ಮುಂಭಾಗಕ್ಕೆ ಎಣ್ಣೆ ಸವರಿರುತ್ತಾರೆ. ಎಣ್ಣೆಯ ಮೇಲೆ ಜಾರುತ್ತ ಸಾಗಿದ ಚೆಂಡು, ಅದು ಮುಗಿದೊಡನೆ ಘರ್ಷಣೆಗೆ ಸಿಕ್ಕಿ ಗೂಟಗಳತ್ತ ಬಾಗುತ್ತದೆ.

ಬಾಲ್ಯದಲ್ಲಿ ಪೋಲಿಯೋದಿಂದ ಬಲಗೈ ಸೊರಗಿದ್ದ ಮೈಸೂರಿನ ಬಿ. ಎಸ್. ಚಂದ್ರಶೇಖರ್ ಅದೇ ಕೈಯಿಂದ 1971ರಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ವಿಕೆಟ್ ಪಡೆದರು. ಇಂಗ್ಲೆಂಡಿನ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಪಂದ್ಯವದು. ತೋಳು ತೆಳ್ಳಗಿದೆಯೆಂದು ಹಿಂಜರಿಯುವ ಹುಡುಗನು ಇದನ್ನು ಅರಿತಿರಬೇಕು.