ಗ್ರಾಹಕರ ಜಗಲಿಗೆ ಬನ್ನಿ: ದೊಡ್ಡ ಕಂಪೆನಿಗಳಿಗೆ ಎಂಟು ಸೂತ್ರ

1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದೊಂದಿಗೆ ಒಂದು ಬ್ಯಾಂಕು ಹುಟ್ಟಿತು. ವೈದ್ಯ ಟಿ.ಎಂ.ಎ. ಪೈ, ವ್ಯಾಪಾರಿ ಉಪೇಂದ್ರ ಪೈ, ಎಂಜಿನಿಯರ್ ವಾಮನ ಕುಡ್ವ ಸೇರಿ ಕಟ್ಟಿದ ಆ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದರ ಮೊದಲ ಶಾಖೆ ತೆರೆದದ್ದು ನಮ್ಮ ಬ್ರಹ್ಮಾವರದಲ್ಲಿ, 1928ರಲ್ಲಿ. ಪಿಗ್ಮಿ ಠೇವಣಿ ಶುರುವಾದದ್ದೂ ಅದೇ ವರ್ಷ. ಜನ ಬ್ಯಾಂಕಿಗೆ ಬರಲಿ ಎಂದು ಕಾಯದೆ, ಬ್ಯಾಂಕೇ ಜನರ ಮನೆಗೆ ಹೋಯಿತು.

ಈಗ ಬೆಂಗಳೂರು, ಮುಂಬಯಿಯಲ್ಲಿ ಕೂತ ಕಂಪೆನಿಗಳಿಗೆಲ್ಲ ಗ್ರಾಹಕರ ಜತೆ ನೇರವಾಗಿ ಮಾತಾಡುವ ಆಸೆ ಬಂದಿದೆ. ಒಳ್ಳೆಯ ಆಸೆ. ಆದರೆ ಆ್ಯಪ್ ಮಾಡಿಸಿ, ವಾಟ್ಸಾಪ್‌ನಲ್ಲಿ ಹಬ್ಬದ ಶುಭಾಶಯ ಕಳಿಸಿದರೆ ಮಾತಾಡಿದ ಹಾಗಾಗುವುದಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಜನ ಇಂಥ ಮಾತುಕತೆಯನ್ನು ಸುಮಾರು ನೂರು ವರ್ಷದಿಂದ ಕಂಡಿದ್ದಾರೆ. ಅವರಿಂದ ಕಲಿಯಬಹುದಾದ ಕೆಲವು ಸಂಗತಿಗಳು ಇಲ್ಲಿವೆ.

1. ದಿನವೂ ಬನ್ನಿ, ಇಲ್ಲವೇ ಶುರು ಮಾಡಬೇಡಿ

ಪಿಗ್ಮಿ ಶುರುವಾದಾಗ ದಿನಕ್ಕೆ ಎರಡಾಣೆ ಕಟ್ಟಿದರೆ ಸಾಕಿತ್ತು. ಅಷ್ಟು ಸಣ್ಣ ಮೊತ್ತ ಕೇಳಲು ಒಬ್ಬ ಮನುಷ್ಯ ದಿನವೂ ಬಾಗಿಲಿಗೆ ಬರುತ್ತಿದ್ದ ಎಂಬುದೇ ಆ ಯೋಜನೆಯ ಜೀವಾಳ. ನಮ್ಮ ಅಮ್ಮ ಸಾಸಿವೆ ಡಬ್ಬಿಯಲ್ಲಿ ಪಿಗ್ಮಿ ದುಡ್ಡನ್ನು ಬೇರೆಯೇ ಇಡುತ್ತಿದ್ದರು. ಏಜೆಂಟರು ಸಂಜೆ ಬಂದು, ಜಗಲಿಯಲ್ಲಿ ಕೂತು, ಪುಸ್ತಕದಲ್ಲಿ ಬರೆದು, ಒಂದು ಲೋಟ ನೀರು ಕುಡಿದು ಹೋಗುವರು. ಆ ಹತ್ತು ನಿಮಿಷದಲ್ಲಿ ಯಾರ ಮನೆಗೆ ಹಂಚು ಹೊದೆಸಬೇಕಾಗಿದೆ, ಯಾರು ಹೊಸ ದನ ತರುವವರಿದ್ದಾರೆ, ಯಾರ ಮಗಳ ಮದುವೆ ಗೊತ್ತಾಗಿದೆ ಎಂಬುದೆಲ್ಲ ಅವರ ಕಿವಿಗೆ ಬೀಳುತ್ತಿತ್ತು. ಸಾಲ ಯಾರಿಗೆ ಬೇಕು, ಯಾರು ತೀರಿಸಿಯಾರು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಎಲ್ಲಿದೆ? ಏಜೆಂಟರು ಊರಿನವರೇ. ನಾಳೆ ಪೇಟೆಯಲ್ಲಿ ಮುಖ ತಪ್ಪಿಸಿಕೊಂಡು ಹೋಗಲು ಅವರಿಗೆ ಸಾಧ್ಯವಿರಲಿಲ್ಲ.

ನೀವು ವಾರಕ್ಕೊಮ್ಮೆ ಬರೆಯುವಿರೋ, ತಿಂಗಳಿಗೊಮ್ಮೆ ಸಭೆ ಕರೆಯುವಿರೋ, ಮೊದಲೇ ಗಟ್ಟಿ ಮಾಡಿಕೊಳ್ಳಿ. ಮೂರು ತಿಂಗಳು ಉತ್ಸಾಹದಿಂದ ಮಾತಾಡಿ ನಾಲ್ಕನೆಯ ತಿಂಗಳು ಮಾಯವಾಗುವವರನ್ನು ಜನ ಮತ್ತೆ ಒಳಗೆ ಕರೆಯುವುದಿಲ್ಲ.

2. ಊರಿಗೆ ಅರ್ಥವಾಗುವ ಮಾತಾಡಿ

ಆಷಾಢ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುವ ಜನ ನಾವು. ಮಾತಿನ ಬಗ್ಗೆ ಇಷ್ಟು ಪ್ರೀತಿ ಇರುವಲ್ಲಿಗೆ ಇಂಗ್ಲಿಷಿನಿಂದ ಯಂತ್ರ ತರ್ಜುಮೆ ಮಾಡಿದ ಕನ್ನಡ ಕಳಿಸಬೇಡಿ. ಮಳೆಗಾಲದ ರಾತ್ರಿ ಕತ್ತಲಲ್ಲಿ ಕೂತವರು ಕೇಳುವುದು ಒಂದೇ: "ಹ್ವಾಯ್, ಕರೆಂಟ್ ಎಷ್ಟೊತ್ತಿಗ್ ಬತ್ತ್?" ಅದಕ್ಕೆ "ಉಂಟಾದ ಅಡಚಣೆಗಾಗಿ ವಿಷಾದಿಸುತ್ತೇವೆ" ಎನ್ನುವುದು ಉತ್ತರವಲ್ಲ. "ಹೆಮ್ಮಾಡಿ ಹತ್ತಿರ ಮರ ಬಿದ್ದು ತಂತಿ ಹರಿದಿದೆ, ಲೈನ್‌ಮ್ಯಾನ್‌ಗಳು ಅಲ್ಲಿದ್ದಾರೆ, ಮಧ್ಯಾಹ್ನದೊಳಗೆ ಸರಿಯಾಗುತ್ತದೆ" ಎಂದರೆ ಉತ್ತರ.

ಹಾಗೆಂದು ಅರೆಬರೆ ಕಲಿತ ಕುಂದಗನ್ನಡವನ್ನು ನಗಿಸಲಿಕ್ಕಾಗಿ ಜಾಹೀರಾತಿಗೆ ತುರುಕುವುದೂ ಬೇಡ. ನಮ್ಮ ಮನೆಮಾತು ನಗೆಯ ಸರಕಾದಾಗ ನೋವಾಗುತ್ತದೆ. ಊರಿನ ಒಂದು ಪದವನ್ನು ಗೌರವದಿಂದ ಬಳಸಿದರೂ ಸಾಕು. ಬೆಂಗಳೂರಿನಿಂದ ಕಾರವಾರಕ್ಕೆ ಓಡುವ ರೈಲಿಗೆ 'ಪಂಚಗಂಗಾ' ಎಂದು ಹೆಸರಿಟ್ಟರು. ಗಂಗೊಳ್ಳಿಯಲ್ಲಿ ಸಮುದ್ರ ಸೇರುವ ಐದು ನದಿಗಳ ನೆನಪು ಅದು. ಆ ಒಂದೇ ಪದ, ಇದು ನಿಮ್ಮ ರೈಲು ಎಂದು ಸೌಪರ್ಣಿಕಾ, ವಾರಾಹಿಯ ದಂಡೆಯವರಿಗೆ ಹೇಳಿತು.

3. ಅಡುಗೆಮನೆ ತೋರಿಸಿ

ಬ್ರಹ್ಮಾವರ ತಾಲೂಕಿನ ಕೋಟ, ಸಾಲಿಗ್ರಾಮದ ಮಗ್ಗುಲಲ್ಲಿ ಪಾರಂಪಳ್ಳಿ ಎಂಬ ಊರಿದೆ. ಅಲ್ಲಿಂದ ಬೆಂಗಳೂರಿಗೆ ಹೋದ ಮೈಯ ಸಹೋದರರು 1924ರಲ್ಲಿ ತೆರೆದ ಹೊಟೇಲೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು. ಯಜ್ಞನಾರಾಯಣ ಮೈಯರು 1951ರಲ್ಲಿ ಯುರೋಪಿಗೆ ಹೋಗಿ, ಅಲ್ಲಿನ ಹೊಟೇಲುಗಳ ಶುಚಿತ್ವ ಕಂಡು ಬಂದರು. ಬಂದವರು ತಮ್ಮ ಹೊಟೇಲಿನ ಅಡುಗೆಮನೆಯನ್ನು ಗ್ರಾಹಕರ ಕಣ್ಣಿಗೆ ತೆರೆದಿಟ್ಟರು. ನಮ್ಮಲ್ಲಿ ಎಲ್ಲ ಸ್ವಚ್ಛ ಎಂದು ಬೋರ್ಡು ಬರೆಸುವುದು ಸುಲಭ. ಒಲೆ, ಪಾತ್ರೆ, ಬಡಿಸುವವರ ಕೈ ಎಲ್ಲವನ್ನೂ ನೀವೇ ನೋಡಿ ಎನ್ನಲು ಮಾತ್ರ ಎದೆ ಬೇಕು. 2007ರಲ್ಲಿ ಎಂಟಿಆರ್ ಪೊಟ್ಟಣಗಳ ವ್ಯವಹಾರವನ್ನು ನಾರ್ವೆಯ ಓರ್ಕ್ಲಾ ಕೊಂಡಿತು. ಆಗ ಆ ಹೆಸರಿಗೆ ಸಿಕ್ಕ ಬೆಲೆಯಲ್ಲಿ ತೆರೆದ ಅಡುಗೆಮನೆಯ ಪಾಲೂ ಇದೆ ಎಂದು ನಾನು ನಂಬುತ್ತೇನೆ.

ನಿಮ್ಮ ಅಡುಗೆಮನೆ ಯಾವುದು? ಬಡ್ಡಿ ಲೆಕ್ಕ ಹಾಕುವ ಕ್ರಮವೋ, ವಿಮೆಯ ಅರ್ಜಿ ತಿರಸ್ಕರಿಸುವ ಕಾರಣಗಳೋ, ಬಿಲ್ಲಿನ ಆ ಕೊನೆಯ ಸಣ್ಣ ಅಕ್ಷರದ ಸಾಲೋ? ಮೊದಲು ಅದನ್ನು ತೆರೆಯಿರಿ.

4. ಲೆಕ್ಕ ಕೈಗೆ ಕೊಡಿ

ಬೆಳಿಗ್ಗೆ ಸೊಸೈಟಿಗೆ ಹಾಲು ಹಾಕುವ ಹೆಂಗಸಿನ ಕೈಯಲ್ಲಿ ಒಂದು ಚೀಟಿ ಇರುತ್ತದೆ: ಎಷ್ಟು ಲೀಟರು, ಫ್ಯಾಟ್ ಎಷ್ಟು, ದರ ಎಷ್ಟು. ಅದರಲ್ಲಿ ವಿಶೇಷಣವಿಲ್ಲ, ಘೋಷವಾಕ್ಯವಿಲ್ಲ. ಫ್ಯಾಟ್ ಕಡಿಮೆ ಬಂದರೆ ಅಲ್ಲೇ ನಿಂತು ಕೇಳಬಹುದು. ದೊಡ್ಡ ಕಂಪೆನಿಯ ಪತ್ರ ಆ ಚೀಟಿಯಷ್ಟು ಸ್ಪಷ್ಟವಾಗಿದ್ದರೆ ಸಾಕು.

5. ಕೆಟ್ಟ ಸುದ್ದಿಯನ್ನು ನೀವೇ ಮೊದಲು ಹೇಳಿ

ಕುಂದಾಪುರದ ಶಾಸ್ತ್ರಿ ಸರ್ಕಲ್‌ನ ಮೇಲ್ಸೇತುವೆ ವರ್ಷಗಟ್ಟಲೆ ಅರ್ಧಕ್ಕೆ ನಿಂತಿತ್ತು. ಅದರ ಬುಡದಲ್ಲಿ ಧೂಳು ಕುಡಿದ ಅಂಗಡಿಯವರನ್ನು ಕೇಳಿ ನೋಡಿ. ಕೆಲಸ ತಡವಾದ ಸಿಟ್ಟು ಒಂದು ಪಾಲಾದರೆ, ಯಾಕೆ ತಡ, ಯಾವಾಗ ಮುಗಿದೀತು ಎಂದು ಎದುರು ನಿಂತು ಹೇಳುವವರಿರಲಿಲ್ಲ ಎಂಬ ಸಿಟ್ಟು ಎರಡು ಪಾಲು. ಸಾಸ್ತಾನದ ಟೋಲ್ ಗೇಟಿನಲ್ಲಿ ಸ್ಥಳೀಯ ವಾಹನಗಳಿಗೆ ವಿನಾಯಿತಿ ಬೇಕೆಂದು ಮತ್ತೆ ಮತ್ತೆ ಪ್ರತಿಭಟನೆಗಳಾಗಿವೆ. ಗೇಟು ಏಳುವ ಮುಂಚೆಯೇ ಕೂತು ಮಾತಾಡಬೇಕಾದ ವಿಷಯ ಅದು.

ತಡವಾಗುತ್ತದೆಯೆ? ಕಾರಣ ಬರೆದು ಬೋರ್ಡು ಹಾಕಿ. ದಿನಾಂಕ ಬದಲಾಯಿತೆ? ಹಳೆಯದನ್ನು ಅಳಿಸದೆ ಅದರ ಕೆಳಗೆ ಹೊಸದನ್ನು ಬರೆಯಿರಿ.

6. ಹೆಸರಿರುವ ಮನುಷ್ಯ ಉತ್ತರ ಕೊಡಲಿ

ಒಮ್ಮೆ ನಾನು ಒಂದು ಕಂಪೆನಿಗೆ ಒಂದೇ ತಕರಾರನ್ನು ಏಳು ಸಲ ಹೇಳಿದೆ. "ಒಂದು ಒತ್ತಿ, ಎರಡು ಒತ್ತಿ" ದಾಟಿ ಹೋದರೆ ಪ್ರತಿ ಸಲವೂ ಹೊಸ ದನಿ, ಮತ್ತೆ ಮೊದಲಿನಿಂದ ಕತೆ. ಏಳನೆಯ ಸಲ ಒಬ್ಬ ಹುಡುಗಿ ತನ್ನ ಹೆಸರು ಹೇಳಿ, "ಸರ್, ನಾಳೆ ಹನ್ನೊಂದಕ್ಕೆ ನಾನೇ ಫೋನ್ ಮಾಡ್ತೇನೆ" ಎಂದಳು. ಮಾಡಿದಳು ಕೂಡ. ಕೆಲಸ ಆದದ್ದು ಅದಾದ ಎರಡು ವಾರಕ್ಕೆ. ಆದರೆ ನನ್ನ ಸಿಟ್ಟು ಆ ಹನ್ನೊಂದು ಗಂಟೆಗೇ ಇಳಿದಿತ್ತು.

ಬ್ಯಾಂಕು ದೂರಿಗೆ 30 ದಿನದೊಳಗೆ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು ಎಂಬ ನಿಯಮವಿದೆ. ಆ 30ನೆಯ ದಿನ ನೋಡಿ ಕೆಲಸ ಮಾಡುವ ಸಂಸ್ಥೆ ಗ್ರಾಹಕನನ್ನು ಆಗಲೇ ಕಳೆದುಕೊಂಡಿರುತ್ತದೆ. ಇನ್ನೊಂದು ಮಾತು: ಉತ್ತರಿಸುವವರಿಗೆ ತೀರ್ಮಾನಿಸುವ ಅಧಿಕಾರವನ್ನೂ ಸ್ವಲ್ಪ ಕೊಡಿ. ಬರೀ ಕ್ಷಮೆ ಕೇಳಲಿಕ್ಕೆ ಒಬ್ಬರನ್ನು ಕೂರಿಸುವುದು ಅವರಿಗೂ ಅವಮಾನ, ನಮಗೂ ಅವಮಾನ.

7. ಬಾಡಿಗೆಯ ಹೊಗಳಿಕೆ ಬೇಡ

2006ರಲ್ಲಿ ಅಮೆರಿಕದಲ್ಲಿ ಒಂದು ಜೋಡಿ ವಾಲ್‌ಮಾರ್ಟ್ ಅಂಗಡಿಗಳ ಮುಂದೆ ಗಾಡಿ ನಿಲ್ಲಿಸುತ್ತ ದೇಶ ಸುತ್ತಿ, ಅಲ್ಲಿನ ಸಂತೋಷದ ನೌಕರರ ಬಗ್ಗೆ ಅಂತರ್ಜಾಲದಲ್ಲಿ ಬರೆದರು. ಆ ಪ್ರಯಾಣದ ಖರ್ಚಿನ ಹಿಂದೆ ಕಂಪೆನಿಯ ಪರವಾಗಿ ಪ್ರಚಾರಕ್ಕೆಂದೇ ಕಟ್ಟಿದ ಕೂಟವಿತ್ತು ಎಂದು ಬಯಲಾದಾಗ ಬರೆದದ್ದೆಲ್ಲ ನೀರುಪಾಲು. ಅಷ್ಟು ದೊಡ್ಡ ದೇಶದಲ್ಲೇ ಗುಟ್ಟು ನಿಲ್ಲಲಿಲ್ಲ. ಬೈಂದೂರಿನಲ್ಲಿ ಯಾರು ಯಾರ ನೆಂಟ ಎಂಬುದು ಮೀನು ಮಾರ್ಕೆಟಿನಲ್ಲೇ ಗೊತ್ತಾಗುತ್ತದೆ.

8. ಊರಿನ ದಿನಮಾನ ತಿಳಿದುಕೊಳ್ಳಿ. ಹೆಸರು ಬದಲಾದಾಗ ಇನ್ನಷ್ಟು ಮಾತಾಡಿ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಗಂಗೊಳ್ಳಿಯ ಬೋಟಿನವರು ಮನೆಯಲ್ಲಿ ಸಿಗುವುದು ಆಗ, ಕೈ ಖಾಲಿ ಇರುವುದೂ ಆಗಲೇ. ಕಂತು ಕೇಳಲು ಅದು ಹೊತ್ತಲ್ಲ, ಕಷ್ಟ ಕೇಳಲು ಹೊತ್ತು. ಬೆಂಗಳೂರಿನ ಹೊಟೇಲುಗಳಲ್ಲಿ ದುಡಿಯುವವರು ಊರಿಗೆ ಬರುವುದು ಬೇಸಿಗೆ ರಜೆಗೆ, ದೈವದ ಕೋಲಕ್ಕೆ, ಕೋಟೇಶ್ವರದ ಕೊಡಿ ಹಬ್ಬಕ್ಕೆ. ಮನೆಯವರೆಲ್ಲ ಕೂಡಿ ತೀರ್ಮಾನಿಸಬೇಕಾದ ವಿಷಯವಿದ್ದರೆ ಆಗ ಬನ್ನಿ.

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಸರಿಯಾಗಿ ಒಂದು ವರ್ಷಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಮೂರೂ ಈ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು. ಬೋರ್ಡು ಬದಲಾಯಿತು, ಪಾಸ್‌ಬುಕ್ ಬದಲಾಯಿತು, ಐಎಫ್‌ಎಸ್‌ಸಿ ಸಂಖ್ಯೆಯೂ ಬದಲಾಯಿತು. ನಮ್ಮ ನೆರೆಮನೆಯ ಅಜ್ಜಿ ಹಳೆಯ ಪಾಸ್‌ಬುಕ್ಕನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, "ನಮ್ ದುಡ್ಡ್ ಎಲ್ಲಿಗ್ ಹೋಯ್ತ್ ಮಗಾ?" ಎಂದು ಕೇಳಿದ್ದರು. ಸಂದೇಶ ಅವರ ಮೊಮ್ಮಗನ ಫೋನಿಗೆ ಬಂದಿತ್ತು, ಇಂಗ್ಲಿಷಿನಲ್ಲಿ.

ಇಂಥ ಬದಲಾವಣೆ ನಿಮ್ಮ ಸಂಸ್ಥೆಯಲ್ಲೂ ಬರಲಿದ್ದರೆ ಒಂದು ಕಾಗದ ಅಚ್ಚು ಹಾಕಿಸಿ. ಎಡಕ್ಕೆ ಹಳೆಯ ಹೆಸರು, ಹಳೆಯ ಸಂಖ್ಯೆ. ಬಲಕ್ಕೆ ಹೊಸದು. ಕೆಳಗೆ ದಪ್ಪ ಅಕ್ಷರದಲ್ಲಿ: ನಿಮ್ಮ ಹಣ ಇದ್ದಷ್ಟೂ ಇದೆ. ಅದನ್ನು ಅಂಚೆಗೆ ಹಾಕಬೇಡಿ. ಆ ಬೀದಿಯಲ್ಲಿ ಪಿಗ್ಮಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸಿ, ಅಜ್ಜಿಗೆ ಓದಿ ಹೇಳಿ ಬರಲಿ.