ಬಸ್ಸಿನ ಮೆಟ್ಟಿಲು ಹತ್ತುವ ತನಕ

ಬೆಳಗಾವಿ ಜಿಲ್ಲೆಯ ಎಂ.ಕೆ. ಹುಬ್ಬಳ್ಳಿಯಲ್ಲಿ ಯಾರದಾದರೂ ಅರ್ಧ ಮೈ ಸ್ವಾಧೀನ ತಪ್ಪಿದರೆ ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆ, ‘ಲಕ್ವಾ ಹೊಡೀತೇನ್ರಿ?’ ಎರಡನೆಯದು, ‘ಎಷ್ಟ್ ಖರ್ಚ ಬಂತ್ರಿ?’ ಈ ಅಂಕಣ ಬರೆಯುವಾಕೆಗೆ ಮೊದಲನೆಯದರ ಉತ್ತರ ಬೆಳಗಾವಿಯ ಆಸ್ಪತ್ರೆಯಲ್ಲಿ ಎಂಆರ್‌ಐ ಆದಮೇಲೆ ಸಿಕ್ಕಿತು. ಲಕ್ವಾ ಅಲ್ಲ, ಹೆಮಿಪ್ಲೀಜಿಕ್ ಮೈಗ್ರೇನ್. ಎರಡನೆಯದನ್ನು ಕೂಡಿಸಲು ತಿಂಗಳುಗಳೇ ಹಿಡಿದವು.

ಇದು ಅಪರೂಪದ ಅರೆತಲೆನೋವು. ಡೆನ್ಮಾರ್ಕಿನ ಅಧ್ಯಯನವೊಂದರ ಅಂದಾಜಿನಂತೆ ಸುಮಾರು ಹತ್ತು ಸಾವಿರಕ್ಕೆ ಒಬ್ಬರಲ್ಲಿ ಕಾಣಿಸುತ್ತದೆ. ಲಕ್ವಾದಲ್ಲಿ ಆಗುವಂತೆ ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವುದಾಗಲೀ ಒಡೆಯುವುದಾಗಲೀ ಇಲ್ಲಿಲ್ಲ. ಆದರೆ ಹೊರಗಿನಿಂದ ಎರಡೂ ಒಂದೇ ಥರ ಕಾಣುವುದರಿಂದ, ಲಕ್ವಾ ಎಂದೇ ತಿಳಿದು ಆಸ್ಪತ್ರೆಗೆ ಓಡಬೇಕು. ಅಲ್ಲಿ ದುಡ್ಡಿನ ಲೆಕ್ಕ ಹಾಕುತ್ತ ಕೂರಬಾರದು. ಕೈಕಾಲಿನ ಬಲ ಸಾಮಾನ್ಯವಾಗಿ 72 ಗಂಟೆಗಳೊಳಗೆ ಮರಳುತ್ತದೆ, ಕೆಲವರಲ್ಲಿ ವಾರಗಟ್ಟಲೆ ಎಳೆಯುತ್ತದೆ. ಆಕೆ ಎರಡನೆಯ ಗುಂಪಿನವಳು. ಬಲ ಬಂದರೂ ಸಮತೋಲ ಬರಲಿಲ್ಲ. ತಿರುಗಿದರೆ ಎಡಕ್ಕೆ ವಾಲುತ್ತಿದ್ದಳು.

ವಿಮೆ ಇತ್ತು. ಕಂಪನಿಯಿಂದ ಬಂದ ಪ್ರಶ್ನೆ ಮಾತ್ರ ವಿಚಿತ್ರ: ಸ್ಕ್ಯಾನ್ ಸರಿಯಾಗಿಯೇ ಇದೆಯಲ್ಲ, ಬರೀ ತಪಾಸಣೆಗೆಂದು ದಾಖಲಾಗಿದ್ದಿರಾ? ಭಾರತದ ಆರೋಗ್ಯ ಪಾಲಿಸಿಗಳ ಪ್ರಮಾಣಿತ ಹೊರಗಿಡುವಿಕೆಗಳಲ್ಲಿ ನಾಲ್ಕನೆಯದು ಇದೇ. ತಪಾಸಣೆಯೇ ಮುಖ್ಯ ಉದ್ದೇಶವಾದ ದಾಖಲಾತಿಗೆ ಹಣವಿಲ್ಲ. ಐದನೆಯದು ವಿಶ್ರಾಂತಿ ಮತ್ತು ಪುನಶ್ಚೇತನ. ಲಕ್ವಾ ಅಲ್ಲವೆಂದು ಖಚಿತಪಡಿಸಿಕೊಂಡೇ ಗುರುತಿಸಬೇಕಾದ ಕಾಯಿಲೆಗೆ ಸ್ಕ್ಯಾನ್ ಸರಿಯಿರುವುದೇ ಅಡ್ಡಿಯಾಯಿತು! ಕೊನೆಗೆ ಕೆಲಸ ಮಾಡಿದ್ದು ವೈದ್ಯರ ಪತ್ರ. ದಾಖಲಾದಾಗ ಕೈಕಾಲಿನ ಬಲ ಸೊನ್ನೆಯಿಂದ ಐದರ ಅಳತೆಯಲ್ಲಿ ಎಷ್ಟಿತ್ತು, ರಕ್ತನಾಳದ ಮೂಲಕ ಯಾವ ಔಷಧ ಕೊಟ್ಟರು ಎಂಬುದನ್ನೆಲ್ಲ ಅವರು ಅದರಲ್ಲಿ ಬರೆದರು. ಡಿಸ್ಚಾರ್ಜ್ ಚೀಟಿಯಲ್ಲೇ ಇದನ್ನು ಬರೆಸಿಕೊಂಡರೆ ಅಲೆದಾಟ ತಪ್ಪುತ್ತದೆ.

ಅವಳ ಬಳಿ ಗಂಭೀರ ಕಾಯಿಲೆಯ ಇನ್ನೊಂದು ಪಾಲಿಸಿಯೂ ಇತ್ತು. ಅದರ ವ್ಯಾಖ್ಯೆಯಂತೆ ಪಾರ್ಶ್ವವಾಯುವಿನಿಂದ, ಅಂದರೆ ಲಕ್ವಾದಿಂದ, ಆದ ಶಾಶ್ವತ ನರದೋಷ ಕನಿಷ್ಠ 3 ತಿಂಗಳು ಇರಬೇಕು. ಆಕೆಗಾದದ್ದು ಪಾರ್ಶ್ವವಾಯುವೂ ಅಲ್ಲ, ಶಾಶ್ವತವೂ ಅಲ್ಲ. ಒಂದು ಪಾಲಿಸಿ ಆಸ್ಪತ್ರೆಯ ಹಾಸಿಗೆಗೆ ಕೊಡುತ್ತದೆ, ಇನ್ನೊಂದು ಏಳಲಾಗದವರಿಗೆ ಕೊಡುತ್ತದೆ. ಎದ್ದು ನಿಲ್ಲಲು ಹೆಣಗುತ್ತಿರುವವರು ಎರಡಕ್ಕೂ ಬಹುಪಾಲು ಹೊರಗೆ. ಡಿಸ್ಚಾರ್ಜ್ ನಂತರದ 60 ದಿನಗಳಲ್ಲಿ, ವೈದ್ಯರ ಸಲಹಾಚೀಟಿಯೊಂದಿಗೆ ಮಾಡಿಸಿದ ಫಿಸಿಯೋಥೆರಪಿಗೆ ಮೊದಲ ಪಾಲಿಸಿ ಒಂದಷ್ಟು ಕೊಟ್ಟಿತು. ಆಮೇಲಿನದೆಲ್ಲ ಕೈಯಿಂದಲೇ.

ಅದರಲ್ಲೂ ದೊಡ್ಡ ಖರ್ಚು ಫಿಸಿಯೋಥೆರಪಿಯದಲ್ಲ, ಬಾಡಿಗೆ ಕಾರಿನದು. ಊರಿರುವುದು ಹೆದ್ದಾರಿಯ ಮೇಲೆ, ಬೆಳಗಾವಿ ಕಡೆ ಬಸ್ಸಿಗೆ ಬರವಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಟಿಕೆಟ್ಟೂ ಇಲ್ಲ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಎನ್ನುವುದು ಎಡಗಾಲು ಏಳದಿದ್ದಾಗಲೇ ಗೊತ್ತಾಗುವುದು. ಆಕೆ ಫಿಸಿಯೋಥೆರಪಿಸ್ಟ್‌ಗೆ ಕೇಳಿದ್ದು ಒಂದೇ: ‘ಮೊದಲ ಬಸ್ ಹತ್ತೂವಂಗ ಮಾಡ್ರಿ.’ ಆತ ಹಲಗೆಗಳನ್ನು ಒಂದರ ಮೇಲೊಂದಿಟ್ಟು ವಾರ ವಾರ ಎತ್ತರಿಸಿದ. ಮನೆಯಲ್ಲಿ ಅಡುಗೆಕಟ್ಟೆಗೆ ಬೆರಳು ತಾಗಿಸಿ ಒಂಟಿಕಾಲಲ್ಲಿ ನಿಲ್ಲುವುದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಗೆರೆಯ ಮೇಲೆ ನಡೆಯುವುದು, ಕೈಯೂರದೆ ಕುರ್ಚಿಯಿಂದ ಏಳುವುದು. ‘ಅಕ್ಕಾರ, ಕಾಲ ನೋಡಬ್ಯಾಡ್ರಿ, ಮುಂದ ನೋಡ್ರಿ’ ಎಂದು ಆತ ಗದರುತ್ತಿದ್ದ. ಗಂಡ ಹಿಂದೆ ನಿಂತು ಆಕೆ ಬಸ್ ಹತ್ತಿದ ವಾರದಿಂದ ಪ್ರಯಾಣದ ಖರ್ಚು ಅವನೊಬ್ಬನ ಟಿಕೆಟ್ಟಿಗೆ ಇಳಿಯಿತು.

ಕಾಯಿಲೆ ಬಂದದ್ದು ಮಳೆಗಾಲದಲ್ಲಿ. ಆಕೆಯದರಂಥ ಕಬ್ಬು ಬೆಳೆಯುವ ಮನೆಗಳಲ್ಲಿ ಕೈ ಬರಿದಾಗಿರುವ ಕಾಲ ಅದು. ಕಬ್ಬು ಪೂರೈಸಿದ 14 ದಿನಗಳಲ್ಲಿ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದರೂ, ಆ ಗಡುವನ್ನು ನಂಬಿ ಯಾವ ರೈತನೂ ಸಾಲದ ಕಂತು ಗೊತ್ತುಮಾಡಿಕೊಳ್ಳುವುದಿಲ್ಲ. ಈಗ ಆಕೆ ಕಬ್ಬಿನ ಬಿಲ್ಲಿನ ಒಂದು ಭಾಗವನ್ನು ಒಂದೇ ದೊಡ್ಡ ಠೇವಣಿಯಾಗಿಸದೆ ಚಿಕ್ಕ ಚಿಕ್ಕ ಎಫ್‌ಡಿಗಳಾಗಿ ಇಡುತ್ತಾಳೆ. ಒಂದನ್ನು ಮುರಿದರೆ ಉಳಿದವುಗಳ ಬಡ್ಡಿಗೆ ಧಕ್ಕೆಯಿಲ್ಲ. ಗಂಭೀರ ಕಾಯಿಲೆಯ ಆ ಎರಡನೇ ಪಾಲಿಸಿಯನ್ನು ನಿಲ್ಲಿಸಿ ಅದರ ಕಂತನ್ನೂ ಇದಕ್ಕೇ ಸೇರಿಸಬೇಕೆಂಬುದು ಅವಳ ಹಟ. ಗಂಡ ಒಪ್ಪಿಲ್ಲ. ಅವನಪ್ಪನಿಗೆ ಹೊಡೆದದ್ದು ನಿಜವಾದ ಲಕ್ವಾ.